ಶಾಲೆಯ ತೂಕದ ಯಂತ್ರಕ್ಕೆ ದರ್ಜಿಯೊಬ್ಬನ ಅಹವಾಲು

ಮಾನ್ಯರಾದ ತೂಕದ ಯಂತ್ರದವರೇ,

ನನ್ನ ಮಗಳ ಶಾಲೆಯ ಆರೋಗ್ಯ ಕೊಠಡಿಯಲ್ಲಿ, ಕಿಟಕಿಗೂ ಔಷಧಿಯ ಬೀರುವಿಗೂ ನಡುವೆ, ಯಾರು ಬಂದರೂ ಏಳದೆ, ಯಾರು ಹೋದರೂ ಕದಲದೆ, ಮೈಮೇಲೆ ಹತ್ತಿ ನಿಂತವರಿಗೂ ಒಂದು ಬಿರುನುಡಿ ಆಡದೆ ಸೇವೆ ಸಲ್ಲಿಸುತ್ತಿರುವ ತಮಗೆ, ಅದೇ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವಾಗಿಯೇ ಇದ್ದೆವು, ಕಳೆದ ಸೋಮವಾರ ತಾವು ಬಾಯಿ ಬಿಡುವವರೆಗೆ.

ಅಂದು ತಮ್ಮ ಮೇಲೆ ನಿಂತ ನಾಲ್ಕನೇ ತರಗತಿಯ ಮಕ್ಕಳಲ್ಲಿ ಎರಡು ಜಡೆಯ ಒಬ್ಬ ಹುಡುಗಿ ತಮಗೆ ನೆನಪಿರಬಹುದು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ಆ ಹೆಸರಿಟ್ಟಾಗ ಅವಳು ನನ್ನ ಮುಂಗೈಯಷ್ಟು ಉದ್ದವಿದ್ದಳು. ಆಮೇಲೆ ಹೆಸರನ್ನು ಮರುಪರಿಶೀಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಅವಳ ವಿಷಯದಲ್ಲಿ ತಾವು ನಲವತ್ತಾರು ಎಂದಿರಿ. ನರ್ಸಮ್ಮ ಅದನ್ನು ಚೀಟಿಯಲ್ಲಿ ಬರೆದು, ಅಡಿಯಲ್ಲಿ ಕೆಂಪು ಗೆರೆ ಎಳೆದು, ಪೋಷಕರು ಬಂದು ಕಾಣುವುದು ಎಂದು ಸೇರಿಸಿದರು. ಗುಬ್ಬಿ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದಳು. ಬರುವ ಮೊದಲು ಆಟದ ಮೇಷ್ಟ್ರ ಬಳಿ ಹೋಗಿ ರಿಲೇ ಓಟದಿಂದ ತನ್ನ ಹೆಸರು ತೆಗೆಸಿ ಬಂದಿದ್ದಳು. ಎರಡು ತಿಂಗಳಿಂದ ನನ್ನ ಅಂಗಡಿಯ ಖಾಲಿ ದಾರದ ಉರುಳೆಯನ್ನು ಕೋಲಿನಂತೆ ಹಿಡಿದು, ಬಾಗಿಲಿನಿಂದ ಇಸ್ತ್ರಿ ಮೇಜಿನವರೆಗೆ ಓಡಿ ಬಂದು ನನ್ನ ಕೈಗೆ ಕೊಡುತ್ತಿದ್ದ ಹುಡುಗಿ ಅವಳು. ಆದ್ದರಿಂದಲೇ ಈ ದೂರು.

ತಮ್ಮ ಸತ್ಯಸಂಧತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹೀಗೆ ಕಡ್ಡಿ ಮುರಿದಂತೆ ಹೇಳುವುದು ಯಾವ ಸೀಮೆಯ ಮರ್ಯಾದೆ? ಇಪ್ಪತ್ತು ವರ್ಷಗಳಿಂದ ನಾನೂ ಜನರ ಸೊಂಟ ಅಳೆಯುತ್ತಿದ್ದೇನೆ. ಒಬ್ಬರಿಗಾದರೂ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದ್ದರೆ ನನ್ನ ಕತ್ತರಿ ತುಕ್ಕು ಹಿಡಿಯಲಿ. ಟೇಪು ಸುತ್ತುತ್ತೇನೆ, ಎರಡು ಬೆರಳು ಒಳಗಿಡುತ್ತೇನೆ, 'ಈ ಬಟ್ಟೆ ಒಗೆದ್ರೆ ಕುಗ್ಗುತ್ತೆ, ಸ್ವಲ್ಪ ಸಡಿಲ ಇಡ್ತೀನಿ' ಎನ್ನುತ್ತೇನೆ, ಗಿರಾಕಿ ನಗುತ್ತಾ ಹೋಗುತ್ತಾರೆ. ಅದಲ್ಲದೆ ಪ್ರತಿಯೊಂದು ಬಟ್ಟೆಯಲ್ಲೂ, ಮುಂದೆ ಬೇಕಾದೀತೆಂದು, ಹೊಲಿಗೆಯ ಆಚೆ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿರುತ್ತೇನೆ. ಮನುಷ್ಯರ ಮೇಲೆ ಅಷ್ಟಾದರೂ ಕರುಣೆ ನಮ್ಮ ಕಸುಬಿಗಿದೆ.

ತಮ್ಮದು ತಪ್ಪು ಲೆಕ್ಕವೆಂದು ಸಾಧಿಸಲು ನಾನು ಮರುದಿನ ಬೆಳಿಗ್ಗೆ ಗುಬ್ಬಿಯ ಜೊತೆ ಬಂದದ್ದು ತಮಗೆ ಗೊತ್ತೇ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಹೆಂಡತಿ ಹಿಂದಿನಿಂದ ಗೊಣಗಿದರೂ ಕೇಳದೆ, ಅಂಗಡಿಯ ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ಚೀಲದಲ್ಲಿ ಹೊತ್ತು ತಂದೆ. ಅದರ ಮೈಮೇಲೆ ಆರು ಕಿಲೋ ಎಂದು ಅಚ್ಚಾಗಿದೆ. ಅದನ್ನು ತಮ್ಮ ಮೇಲಿಟ್ಟೆ. ತಾವು ಒಂದು ಗಳಿಗೆಯೂ ಯೋಚಿಸದೆ ಆರು ಎಂದಿರಿ. ನಾನೇ ಹೊತ್ತು ತಂದ ಸಾಕ್ಷಿ ನನ್ನ ವಿರುದ್ಧವೇ ನುಡಿಯಿತು. ಸಾಲದ್ದಕ್ಕೆ ನರ್ಸಮ್ಮ, 'ಈಗ ನೀವು ಹತ್ತಿ ಸಾರ್, ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹತ್ತಿ' ಎಂದರು. ಆಗ ತಾವು ನುಡಿದ ಅಂಕಿಯನ್ನು ನಾಲ್ಕು ಜನ ಓದುವ ಪತ್ರದಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ.

ಆಮೇಲೆ ನರ್ಸಮ್ಮ ಒಂದು ಹಾಳೆ ತೆಗೆದು, ಮಗು ದಿನಕ್ಕೆ ಎಷ್ಟು ಹೊತ್ತು ಫೋನು ನೋಡುತ್ತದೆ ಎಂದು ಕೇಳಿದರು. ಒಂದು ಗಂಟೆ, ಅದೂ ಊಟದ ಹೊತ್ತಿನಲ್ಲಿ, ಅದೂ ಪಾಠದ್ದೇ ಎಂದೆ. ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕುಳಿತಿದ್ದ ಗುಬ್ಬಿ, ಸುಳ್ಳು ಹೇಳುವುದನ್ನು ನಾನಿನ್ನೂ ಕಲಿಸಿಲ್ಲವಾದ್ದರಿಂದ, 'ಅಪ್ಪ ಕೆಳಗಿಟ್ಟಾಗ ನಾನೂ ಇಡ್ತೀನಿ' ಎಂದಳು. ನರ್ಸಮ್ಮ ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾನು ತಮ್ಮ ಮುಖ ನೋಡಿದೆ. ತಾವು ಸೊನ್ನೆ ತೋರಿಸುತ್ತಾ ಕುಳಿತಿದ್ದಿರಿ.

ನಮ್ಮ ಮನೆಯ ಊಟದ ಮೇಜನ್ನು ತಾವು ನೋಡಿಲ್ಲ, ಹಾಗಾಗಿ ಹೇಳುತ್ತೇನೆ. ನನ್ನ ಫೋನು ಉಪ್ಪಿನ ಡಬ್ಬಿಗೆ ಒರಗಿರುತ್ತದೆ, ಹೆಂಡತಿಯದು ನೀರಿನ ಜಗ್ಗಿಗೆ, ನಾನು ಹೊಸದು ಕೊಂಡಾಗ ಗುಬ್ಬಿಗೆ ದಾಟಿಸಿದ ಹಳೆಯದು ಗುಂಡಿಗಳ ಡಬ್ಬಕ್ಕೆ. ಮೂವರೂ ಮೂರು ಕಡೆ ನಗುತ್ತೇವೆ, ಹಾಗಾಗಿ ಮನೆಯಲ್ಲಿ ನಗುವಿಗೇನೂ ಬರವಿಲ್ಲ. ಫೋನು ನೋಡದವಳು ನನ್ನ ತಾಯಿ ಒಬ್ಬಳೇ; ಅವಳು ನಮ್ಮ ತಟ್ಟೆಗಳನ್ನು ನೋಡುತ್ತಾಳೆ, ಖಾಲಿಯಾದ ಕಡೆ ಬಡಿಸುತ್ತಾಳೆ. ಸಾಕು ಎನ್ನಬೇಕಾದರೆ ಯಾರಾದರೂ ತಲೆ ಎತ್ತಬೇಕಲ್ಲ! ಸಮವಸ್ತ್ರಗಳ ಕಾಲ ಬಂತೆಂದರೆ ಅಂಗಡಿಯಲ್ಲಿ ಉಸಿರಾಡಲು ಬಿಡುವಿರುವುದಿಲ್ಲ; ಆಗ ಗುಬ್ಬಿಯ ಒಂದು ಕೈಗೆ ಫೋನು, ಇನ್ನೊಂದು ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಬಟ್ಟೆಯ ಕಟ್ಟುಗಳ ಮೇಲೆ ಕೂರಿಸಿದರೆ ಮೂರು ಗಂಟೆ ಮಗುವಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ಗಿರಾಕಿಗಳು ಹೊಗಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದ ಹಿರಿಯರು ಅಪ್ಪಂದಿರ ವಿಷಯದಲ್ಲಿ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು. ತಮಗೆ ಆ ದೊಡ್ಡ ಮನಸ್ಸೂ ಇಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ಮುಂದಿನ ಸಲ ಅವಳು ಹತ್ತಿದಾಗ ಜಡೆಯ ರಿಬ್ಬನ್ನಿನ ಭಾರವನ್ನು ದಯಮಾಡಿ ಕಳೆಯಬೇಕು. ಅಜ್ಜಿಯ ಪ್ರೀತಿಯನ್ನು ಪ್ರತ್ಯೇಕವಾಗಿ ತೂಗಿ ಅಜ್ಜಿಯ ಹೆಸರಿಗೇ ಬರೆಯಬೇಕು. ನಾವು ಬಟ್ಟೆ ಬಿಡುವಂತೆ ತಾವೂ ಒಂದಷ್ಟು ಕಿಲೋ ಒಳಗೆ ಬಿಟ್ಟುಕೊಂಡು ಹೊರಗೆ ಕಡಿಮೆ ತೋರಿಸುವ ವಿದ್ಯೆ ಕಲಿಯುವುದಾದರೆ ಪುಕ್ಕಟೆ ಕಲಿಸಲು ಸಿದ್ಧನಿದ್ದೇನೆ. ಇದ್ಯಾವುದೂ ಆಗದಿದ್ದರೆ, ಆ ನಲವತ್ತಾರರಲ್ಲಿ ಅವಳ ಪಾಲೆಷ್ಟು, ನಾನು ಕೂರಿಸಿದ್ದರಿಂದ ಬಂದದ್ದೆಷ್ಟು ಎಂದು ಬಿಡಿಸಿ ಎರಡು ಚೀಟಿ ಕೊಡಬೇಕು. ಕೆಂಪು ಗೆರೆಯನ್ನು ನನ್ನ ಚೀಟಿಯಲ್ಲೇ ಎಳೆಯಲಿ.

ಈ ಕೊನೆಯ ವಿನಂತಿ ತಮಾಷೆಗೆ ಬರೆದದ್ದಲ್ಲ. ತಮ್ಮ ಬಳಿ ಬಂದುಹೋದ ದಿನ ಸಂಜೆ ಗುಬ್ಬಿ ತನ್ನ ನೀಲಿ ಸ್ಕರ್ಟನ್ನು ಕತ್ತರಿಸುವ ಮೇಜಿನ ಮೇಲೆ ಒಳಮೈ ಹೊರಗೆ ಮಾಡಿ ಹರಡಿಕೊಂಡು ಕುಳಿತಿದ್ದಳು. ಹೊಲಿಗೆ ಬಿಚ್ಚಿದರೂ ಸೂಜಿಯ ತೂತುಗಳು ಬಟ್ಟೆಯಲ್ಲಿ ಉಳಿಯುತ್ತವೆ ಎಂಬುದನ್ನು ದರ್ಜಿಯ ಮಗಳಿಗೆ ಹೇಳಿಕೊಡಬೇಕಾಗಿಲ್ಲ. ಒಂದರ ಪಕ್ಕ ಒಂದು, ನಾಲ್ಕು ಸಾಲುಗಳಿದ್ದವು. ಅವಳು ಶಾಲೆ ಮುಗಿಸಿ ಆಡಲು ಹೋದಾಗ ಸದ್ದಿಲ್ಲದೆ ಬಿಚ್ಚಿ, ಸೊಂಟ ಸಡಿಲಿಸಿ ಹೊಲಿದು, ಇಸ್ತ್ರಿ ಮಾಡಿ, ಏನೂ ಆಗಿಲ್ಲವೆಂಬಂತೆ ತೂಗುಹಾಕಿದವನು ನಾನೇ. 'ಬಟ್ಟೆ ಕುಗ್ಗಿತ್ತು ಕಣೇ' ಎಂದೆ. 'ನಾಲ್ಕು ಸಲಾನಾ?' ಎಂದಳು. ಆ ತೂತುಗಳ ಮೇಲೆ ಬೆರಳಾಡಿಸುತ್ತಾ, 'ನಿಂಗೆ ಗೊತ್ತಿತ್ತಲ್ಲ ಅಪ್ಪಾ, ನಂಗೆ ಯಾಕೆ ಹೇಳ್ಲಿಲ್ಲ?' ಎಂದಳು. ಮಾನ್ಯರೇ, ನನಗೆ ನಾಚಿಕೆಯಾಯಿತು. ಅವಳ ಮನಸ್ಸು ನೋಯಬಾರದೆಂದು ಮುಚ್ಚಿಟ್ಟೆ ಎಂದುಕೊಂಡಿದ್ದೆ. ನನ್ನ ತಪ್ಪು ನನಗೆ ಕಾಣಬಾರದೆಂದು ಮುಚ್ಚಿಟ್ಟಿದ್ದೆ. ಆ ಸ್ಕರ್ಟಿನಲ್ಲಿ ಇನ್ನು ಬಿಚ್ಚಲು ಅರ್ಧ ಬೆರಳು ಬಟ್ಟೆಯೂ ಉಳಿದಿಲ್ಲ.

ಮೂರು ದಿನದಿಂದ ಮೂರು ಫೋನುಗಳೂ ಊಟದ ಹೊತ್ತಿಗೆ ಗುಂಡಿಗಳ ಡಬ್ಬದೊಳಗೆ ಹೋಗುತ್ತಿವೆ. ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನು ಮಾತಾಡುವುದೆಂದು ತಿಳಿಯದೆ ಉಪ್ಪು ಕಡಿಮೆಯಾಗಿದೆ ಎಂದು ಜಗಳವಾಡಿದೆವು. ಅಂಗಡಿಯ ಬಾಗಿಲು ತೆಗೆಯುವ ಮೊದಲು ದಾರದ ಉರುಳೆ ಹಿಡಿದು ನಾನೂ ಗುಬ್ಬಿಯೂ ಬೀದಿಯ ಕೊನೆಯವರೆಗೆ ಓಡುತ್ತಿದ್ದೇವೆ. ಮೊದಲು ಏದುಸಿರು ಬಿಟ್ಟು ಕಂಬ ಹಿಡಿಯುವವನು ನಾನು. ಹೆಸರನ್ನು ಮತ್ತೆ ಸೇರಿಸಲು ಆಟದ ಮೇಷ್ಟ್ರು ಬರುವ ಸೋಮವಾರದವರೆಗೆ ಸಮಯ ಕೊಟ್ಟಿದ್ದಾರೆ. ಗುಬ್ಬಿ ಇನ್ನೂ ಹೂಂ ಎಂದಿಲ್ಲ. ಅವಳು ಹೂಂ ಎನ್ನುವವರೆಗೆ ಈ ದೂರನ್ನು ತಮ್ಮ ಬಳಿ ಬಾಕಿ ಇಟ್ಟುಕೊಂಡಿರಬೇಕಾಗಿ ಕೋರುತ್ತೇನೆ.

ಒಳಗೆ ಬಿಡಲು ಬಟ್ಟೆ ಮುಗಿದಿರುವ,
ತಮ್ಮ ವಿಶ್ವಾಸಿ,
ಬೀದಿ ಕೊನೆಯ ದರ್ಜಿ

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಗುಬ್ಬಿ ನನ್ನ ಪ್ಯಾಂಟೊಂದನ್ನು ಒಳಮೈ ತಿರುಗಿಸಿ ಸೊಂಟದ ಸಾಲುಗಳನ್ನು ಎಣಿಸಿಬಿಟ್ಟಳು. ತಾವು ನುಡಿದ ಅಂಕಿಗಿಂತ ಅವಳು ನುಡಿದದ್ದೇ ಭಾರವಾಗಿದೆ: 'ನಿಂದು ಆರು, ನಂದು ನಾಲ್ಕೇ. ನಾನಿನ್ನೂ ನಿನ್ನಷ್ಟು ಆಗಿಲ್ಲ ಅಲ್ವಾ ಅಪ್ಪಾ?'