ಮಾವನ ಕೊನೆಯ ಗಾಜು

ಪರದೆಯ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಅಲೆ ಕಾಣಿಸಿದ್ದೇ ತಡ, ತಪ್ಪಣ್ಣನ ಜೀವ ಬಾಯಿಗೆ ಬಂತು.

ಅವನ ನಿಜವಾದ ಹೆಸರು ಬೇರೆ ಇತ್ತು. ಆದರೆ ಗಾಜಿನ ಕಾರ್ಖಾನೆಯಲ್ಲಿ ತಪ್ಪು ಹುಡುಕುವುದೇ ಕೆಲಸವಾದವನನ್ನು ಜನ ಇನ್ನೇನೆಂದು ಕರೆದಾರು? ದುರ್ಬೀನಿಗೆ ಹೋಗುವ ಗಾಜಿನ ಗಟ್ಟಿಯೊಳಗೆ ಬೆಳಕು ಹಾಯಿಸಿ, ಆಚೆ ಬಂದ ಬೆಳಕಿನ ಅಲೆ ಎಲ್ಲಿ ಸೊಟ್ಟಗಾಗಿದೆ ಎಂದು ಯಂತ್ರದಲ್ಲಿ ಅಳೆಯುತ್ತಿದ್ದ. ಪರದೆ ಸಪಾಟಾಗಿದ್ದರೆ ಗಾಜು ಪಾಸು. ಸುಕ್ಕು ಕಂಡರೆ ಫೇಲು. ಫೇಲಾದದ್ದನ್ನು ಸುತ್ತಿಗೆಯಿಂದ ಚೂರು ಮಾಡಿ ಮತ್ತೆ ಕುಲುಮೆಗೆ ಹಾಕುತ್ತಿದ್ದರು. ಗೆಳೆಯರದ್ದಿರಲಿ, ಯಜಮಾನರ ತಮ್ಮನದ್ದೇ ಇರಲಿ, ತಪ್ಪಣ್ಣ ಯಾರ ದಾಕ್ಷಿಣ್ಯಕ್ಕೂ ಬಿದ್ದವನಲ್ಲ.

ಆದರೆ ಇವತ್ತು ಮೇಜಿನ ಮೇಲಿದ್ದದ್ದು ಮಾವನ ಗಾಜು. ಹೆಂಡತಿಯ ಅಪ್ಪ, ಕುಲುಮೆಯ ಮೇಸ್ತ್ರಿ, ಕೆಲಸ ಬಿಡುವ ದಿನ ಹೊಯ್ದ ಕೊನೆಯ ಗಟ್ಟಿ. ಅದು ನಿಧಾನವಾಗಿ ಆರುತ್ತಿದ್ದಾಗಲೇ ಅವರು ತೀರಿಕೊಂಡಿದ್ದರು. ಅವರ ಗಾಜು ಒಂದೇ ಒಂದು ಸಲವೂ ಫೇಲಾದದ್ದಿಲ್ಲ. ಈಗ ಆ ಮನುಷ್ಯನ ಕೊನೆಯ ಕೆಲಸವನ್ನು ಕೈಯಾರೆ ಸುತ್ತಿಗೆಗೆ ಕೊಟ್ಟು, ಮನೆಗೆ ಹೋಗಿ ಅತ್ತೆಗೆ ಹೇಗೆ ಮುಖ ತೋರಿಸುವುದು? ತಪ್ಪಣ್ಣನಿಗೆ ಅಳು ಒತ್ತರಿಸಿ ಬಂತು.

ಸುದ್ದಿ ಹಬ್ಬಿ, ಕೇಳದೆಯೇ ಸಲಹೆ ಕೊಡುವವರೆಲ್ಲ ನೆರೆದರು. ಮೇಜು ಅಲುಗುತ್ತಿರಬೇಕು ಎಂದು ಉಗ್ರಾಣದವನು ಅದರ ಕಾಲಡಿ ರಟ್ಟು ಸಿಗಿಸಿದ. ಅಲೆ ಹೋಗಲಿಲ್ಲ, ಅಲುಗದೆ ನಿಂತಿದ್ದ ಮೇಜು ಅಲುಗತೊಡಗಿತು. ಇಷ್ಟು ಜನರ ಉಸಿರಿಗೆ ಗಾಳಿ ಬಿಸಿಯಾಗಿ ಬೆಳಕು ಬಳುಕುತ್ತಿದೆ ಎಂದ ಲೆಕ್ಕದ ಗುಮಾಸ್ತ. ಹಾಗೆಂದು ತಾನೇನೂ ಹೊರಗೆ ಹೋಗಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಮೊದಲು ಕೆಮ್ಮಿದವನು ಗುಮಾಸ್ತನೇ. ಪರದೆ ಕುದಿಯುವ ಹಾಲಿನಂತೆ ಉಕ್ಕಿತು. ಕೊನೆಗೆ ತಪ್ಪಣ್ಣ ಎಲ್ಲರನ್ನೂ ಹೊರಗಟ್ಟಿ, ಫ್ಯಾನು ಆರಿಸಿ, ಗೋಡೆಗೊರಗಿ ಕಾದ. ಅಲೆ ಇದ್ದಲ್ಲೇ ಇತ್ತು.

ಪಾಲಿಶ್ ಮಾಡುವವನು ಬಾಗಿಲಲ್ಲಿ ಇಣುಕಿದ. "ಪಕ್ಕಕ್ಕೆ ಹೊರಳಿಸಿ ನೋಡು ಮಾರಾಯ. ಗಾಜಿನೊಳಗೆ ಪದರದ ಥರ ಇರೋ ಎಳೆ ಒಂದು ಕಡೆಯಿಂದ ಕಂಡ್ರೂ ಇನ್ನೊಂದು ಕಡೆಯಿಂದ ಕಾಣಲ್ಲ."

ತಪ್ಪಣ್ಣನಿಗೆ ಅದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರಿಂದಲೇ ಎಲ್ಲ ಕಡೆಯಿಂದ ನೋಡದೆ ಅವನು ಯಾವ ಗಾಜಿಗೂ ಮುದ್ರೆ ಒತ್ತುತ್ತಿರಲಿಲ್ಲ. ಹೊರಳಿಸಿದ. ಪರದೆ ಸಪಾಟಾಯಿತು. ಮನಸ್ಸು ಬದಲಾಗುವ ಮೊದಲೇ ಪಾಸು ಎಂದು ಮುದ್ರೆ ಒತ್ತಿಬಿಟ್ಟ. ಗಾಜು ಸಂಜೆಯ ಲಾರಿ ಹತ್ತಿ ಹೋಯಿತು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮಾವ ಹೋದ ಮೇಲೆ ಆಕೆ ಕೋಣೆ ಬಿಟ್ಟು ಹೊರಬಂದದ್ದೇ ಅಪರೂಪ.

"ಫೇಲಾಯ್ತಾ ಅಳಿಯಂದ್ರೇ?"

"ಪಾಸಾಯ್ತು ಅತ್ತೆ. ಮಾವನ ಮರ್ಯಾದೆ ಉಳೀತು."

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. ಆಮೇಲೆ ಒಂದೊಂದೇ ಮಾತು ಹೊರಬಂತು. ಗಂಡ ಮಾಡಿದ ಗಾಜೊಂದು ಮನೆಯಲ್ಲಿರಲಿ ಎಂದು ಆಕೆಗೆ ಮದುವೆಯಾದಾಗಿನಿಂದ ಆಸೆ. ಪಾಸಾದದ್ದೆಲ್ಲ ಊರು ಬಿಟ್ಟು ಹೋಗುತ್ತಿತ್ತು. ಅದಕ್ಕೇ ಮಾವ ಕೊನೆಯ ಎರಕದಲ್ಲಿ ಬೇಕೆಂದೇ ಒಂದು ಎಳೆ ಬಿಟ್ಟು, ಫೇಲಾದರೆ ಒಡೆಯದೆ ಹೆಂಡತಿಗೆ ಕೊಡಬೇಕೆಂದು ಯಜಮಾನರಿಂದ ಮಾತು ತೆಗೆದುಕೊಂಡಿದ್ದರು.

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ಬೇಡ ಅಂದ್ರು. ಹೇಳಿದ್ರೆ ಅಳಿಯನಿಗೆ ಧರ್ಮಸಂಕಟ, ಹೇಳದಿದ್ರೂ ಅವನ ಕಣ್ಣು ತಪ್ಪಿಸಿ ಏನೂ ಹೋಗಲ್ಲ ಅಂದ್ರು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗುವಿನಂಥದ್ದೇನೋ ಮೂಡಿತು.

"ಹೋಗ್ಲಿ ಬಿಡಿ. ನೀವೇ ಪಾಸ್ ಮಾಡಿದ್ರಿ ಅಂದ್ಮೇಲೆ ಅದರಲ್ಲಿ ಏನೂ ಇರಲಿಲ್ಲ. ಬೇಕಂತಲೇ ಕೆಡಿಸೋಕೆ ಹೋದ್ರೂ ಆ ಕೈಗೆ ಕೆಡಿಸೋಕೆ ಬರಲಿಲ್ಲ ನೋಡಿ."

ಇದ್ದ ತಪ್ಪನ್ನು ಇದೆ ಎನ್ನುವುದೊಂದೇ ತಪ್ಪಣ್ಣನಿಗೆ ಗೊತ್ತಿದ್ದ ವಿದ್ಯೆ. ಅವನು ಅತ್ತೆಯ ಮುಖ ನೋಡಿದ.

"ಹೌದು ಅತ್ತೆ, ಏನೂ ಇರಲಿಲ್ಲ" ಎಂದು ಹೇಳಿ ಬಚ್ಚಲಿಗೆ ಹೋದ. ಮುಖ ತೊಳೆಯುವವನಂತೆ ನಲ್ಲಿ ಬಿಟ್ಟುಕೊಂಡು ಅತ್ತ.