ಏಣಿ ಹತ್ತಿದ ರಮೇಶ

ಇಂಜಿನಿಯರಿಂಗ್ ಓದಿದವರಿಗೆಲ್ಲ ಯಂತ್ರಗಳ ಬಗ್ಗೆ ಗೊತ್ತಿರುತ್ತದೆ ಎಂದು ಲೋಕ ನಂಬಿರುವುದು ನಮ್ಮಂಥವರ ಪುಣ್ಯ. ನಾನು ಹಾಸನದಲ್ಲಿ ಮೆಕ್ಯಾನಿಕಲ್ ಓದಿದವನು. ಆಮೇಲೆ ಸಾಫ್ಟ್‌ವೇರ್ ಬರೆಯುತ್ತಾ ಕೂತವನು ಬಿಚ್ಚಿದ ಯಂತ್ರವೆಂದರೆ ನಮ್ಮ ಮನೆಯ ಡಿಶ್‌ವಾಷರ್ ಒಂದೇ. ಅದನ್ನು ಮತ್ತೆ ಜೋಡಿಸಿದ್ದು ಬೇರೆಯವರು.

ಹೀಗಿರುವಾಗ ಪರದೇಶದ ಈ ಮೆನ್ಲೋ ಪಾರ್ಕಿನ ನಮ್ಮ ಆಫೀಸಿನಲ್ಲಿ ನನ್ನ ಟೀಮನ್ನು ಮುಚ್ಚುವ ಮಾತು ಬಂತು. ರೋಬೋಟ್ ವಿಭಾಗಕ್ಕೆ ಹೋಗಬಹುದು, ಆದರೆ ಬಲ, ಭಾರ, ಘರ್ಷಣೆಗಳ ಮೇಲೊಂದು ಪರೀಕ್ಷೆ ಪಾಸಾಗಬೇಕು ಎಂದರು ಮ್ಯಾನೇಜರು. ಫೋನಿಗೊಂದು ಆ್ಯಪ್ ಹಾಕಿಕೊಂಡೆ. ಅದು ಲೆಕ್ಕಗಳನ್ನು ತಾನೇ ಹುಟ್ಟಿಸಿ ಓದಿ ಹೇಳುತ್ತದೆ. ತಪ್ಪಿದರೆ ಅಂಕಿ ಬದಲಾಯಿಸಿ ಮತ್ತೆ ಅದನ್ನೇ ಕೊಡುತ್ತದೆ. ಇಂಗ್ಲಿಷಿನಲ್ಲಿ ತಲೆಗೆ ಹೋಗದ್ದು ಕನ್ನಡದಲ್ಲಾದರೂ ಹೋದೀತೆಂದು ಕನ್ನಡಕ್ಕೆ ತಿರುಗಿಸಿದೆ. ಎಡವಿದ್ದು ಅಲ್ಲೇ. ಊಟದ ಮೇಜಿನ ಈ ತುದಿಯಲ್ಲಿ ನಾನು ಓದುತ್ತಿದ್ದರೆ, ಆ ತುದಿಯಲ್ಲಿ ಉಡುಪಿಯಿಂದ ಬಂದಿದ್ದ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಬೀನ್ಸ್ ಹೆಚ್ಚುತ್ತಾ ಕೂತಿರುತ್ತಿದ್ದರು.

ಎಂಬತ್ತು ಕಿಲೋ ತೂಕದ ರಮೇಶ ನುಣುಪಾದ ಗೋಡೆಗೆ ಒರಗಿಸಿದ ಏಣಿ ಹತ್ತುತ್ತಿದ್ದಾನೆ, ಏಣಿ ಜಾರುವ ಮೊದಲು ಎಷ್ಟು ಎತ್ತರ ಹೋಗಬಲ್ಲ ಎಂದು ಆ್ಯಪ್ ಕೇಳಿತು. ನಾನು ಉತ್ತರ ಒತ್ತಿದೆ. ಏಣಿ ಜಾರಿತು, ಮತ್ತೆ ಪ್ರಯತ್ನಿಸಿ ಎಂದಿತು ಆ್ಯಪ್. ಅತ್ತೆಯ ಚಾಕು ನಿಂತಿತು.

“ಅವನ ಏಣಿ ಹಿಡ್ಕೊಳ್ಳಿಕ್ಕೆ ಮನೆಯಲ್ಲಿ ಯಾರೂ ಇಲ್ವಾ?”

ಇದು ಬರೀ ಲೆಕ್ಕ, ರಮೇಶ ಎಂಬುವನೇ ಇಲ್ಲ ಎಂದೆ. ಇಲ್ಲದವನಿಗೆ ತೂಕ ಎಲ್ಲಿಂದ ಬಂತು ಎಂದರು. ಮರುದಿನ ರಮೇಶ ತೊಂಬತ್ತೈದು ಕಿಲೋ ಆಗಿದ್ದ. ಬಿದ್ದು ಏಟಾಗಿ, ಮಲಗಿದಲ್ಲೇ ತಿಂದರೆ ಹೀಗೇ ಆಗುವುದು ಎಂದು ಅತ್ತೆ ಮರುಗಿದರು. ಅವನು ಬಿದ್ದಾಗಲೆಲ್ಲ ನನ್ನ ಕಾಫಿ ತಡವಾಗತೊಡಗಿತು. ಊರಿಗೆ ಫೋನ್ ಮಾಡಿದಾಗ, ನಮ್ಮ ಅಳಿಯಂದಿರು ಪಾಪದ ಹುಡುಗನೊಬ್ಬನನ್ನು ದಿನಾ ಏಣಿಯಿಂದ ಬೀಳಿಸುತ್ತಿದ್ದಾರೆ ಎಂದು ತಮ್ಮ ತಂಗಿಯ ಹತ್ತಿರ ಹೇಳಿಕೊಂಡರಂತೆ. ಹೆಂಡತಿಯಾದರೂ ನನ್ನ ಪರ ನಿಲ್ಲುತ್ತಾಳೆಂದುಕೊಂಡರೆ, ನೀವು ಸರಿಯಾಗಿ ಲೆಕ್ಕ ಮಾಡಿದರೆ ಅವನ್ಯಾಕೆ ಬೀಳುತ್ತಾನೆ ಎಂದಳು.

ಕೊನೆಗೊಂದು ದಿನ ಅತ್ತೆ ಚಾಕು ಕೆಳಗಿಟ್ಟರು. “ಅವನನ್ನು ಇಳಿಸಿ ಮಾರಾಯ್ರೇ. ಬೇರೆ ಯಾರನ್ನಾದ್ರೂ ಹತ್ತಿಸಿ.”

ಆ್ಯಪಿನಲ್ಲಿ ಹೆಸರು, ತೂಕ ಬದಲಾಯಿಸಲು ಜಾಗವಿತ್ತು. ನನ್ನದೇ ಹೆಸರು ಹಾಕಿದೆ, ತೂಕ ಮಾತ್ರ ಸ್ವಲ್ಪ ಇಳಿಸಿ. ಅಂದು ಬೆಳಿಗ್ಗೆ ಎರಡು ಮೂರು ಸಲ ದಬ್ಬನೆ ಬಿದ್ದೆ. ಅತ್ತೆ ಬೀನ್ಸಿನಿಂದ ತಲೆ ಎತ್ತಲಿಲ್ಲ. ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ಬಂತು.

ಬೀಳುವವನು ತಾನೇ ಆದಾಗ ಮನುಷ್ಯ ಲೆಕ್ಕವನ್ನು ಇನ್ನೊಮ್ಮೆ ನೋಡುತ್ತಾನೆ. ಬರಬರುತ್ತಾ ನಾನು ಏಣಿಯ ತುದಿ ಮುಟ್ಟಿದೆ, ಪರೀಕ್ಷೆಯೂ ಪಾಸಾಯಿತು. ಅಂದು ಸಂಜೆ ಮನೆಗೆ ಬಂದವನೇ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಕೆಲಸ ಉಳಿಯಿತು ಎಂದೆ. ಒಳ್ಳೆಯದಾಯಿತು ಎಂದು ತಲೆ ಮುಟ್ಟಿ ಹರಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಆ ರಮೇಶನಿಗೆ ಬೇರೆ ಕೆಲಸ ಎಂತದಾದ್ರೂ ಸಿಕ್ಕಿತಾ?”

ನಮ್ಮ ವಿಭಾಗದಲ್ಲೇ ವಿಚಾರಿಸುತ್ತೇನೆ ಎಂದೆ.