ಗ್ಯಾರೇಜ್ ತುಂಬ ಫಿಲ್ಟರು

ವಿನಾಯಕನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಊರಿಂದ ತರಿಸಿದ ಸ್ಟೀಲಿನ ಕಾಫಿ ಫಿಲ್ಟರುಗಳು ಸೂರು ಮುಟ್ಟಿದ್ದವು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಕನ್ನಡಿಗರಿಗೆ ಗೊತ್ತಾದರೆ ನಗೆಪಾಟಲಾದೀತೆಂದು, ಬೇರೆ ಹೆಸರಿನಲ್ಲಿ ಗುಟ್ಟಾಗಿ ಆನ್‌ಲೈನ್ ಅಂಗಡಿ ತೆರೆದು ಜಾಹೀರಾತು ಕೊಟ್ಟಿದ್ದ. ನೋಡುವವರು ನೋಡುತ್ತಲೇ ಇದ್ದರು, ಕೊಳ್ಳುವವರು ಮಾತ್ರ ಇರಲಿಲ್ಲ.

"ಸಂಜೆಯೊಳಗೆ ಒಂದಾದ್ರೂ ಮಾರಿ. ಇಲ್ಲಾಂದ್ರೆ ಅಷ್ಟೂ ಚಾರಿಟಿ ಶಾಪಿಗೆ ದಾನ," ಎಂದು ಶನಿವಾರ ಬೆಳಿಗ್ಗೆ ಹೆಂಡತಿ ಸಿಂಚನಾ ಕಡ್ಡಿ ಮುರಿದಂತೆ ಹೇಳಿದಳು.

ಟೀವಿ ಕಂಪನಿಗಳ ತಾಣವಾದ ಮೀಡಿಯಾಸಿಟಿಯಲ್ಲಿ ಜಾಹೀರಾತಿನ ಕೆಲಸ ಮಾಡುತ್ತ, ಈ ಅಂಗಡಿಯ ಜಾಹೀರಾತನ್ನೂ ನೋಡಿಕೊಳ್ಳುತ್ತಿದ್ದ ಗೆಳೆಯ ಪ್ರಶಾಂತ್‌ಗೆ ಫೋನು ಹೋಯಿತು.

"ಹೆಣ್ಣು ನೋಡಿದ ದಿನವೇ ತಾಳಿ ಕಟ್ತಾರೇನೋ? ನೋಡ್ತಾರೆ, ಮರೀತಾರೆ, ಮತ್ತೆ ನೋಡ್ತಾರೆ, ನಾಲ್ಕು ಜನರನ್ನ ವಿಚಾರಿಸ್ತಾರೆ. ನಂಬಿಕೆ ಬರೋವರೆಗೆ ತಡ್ಕೋ. ಅಂದ ಹಾಗೆ, ನಿಮ್ಮ ಹಡರ್ಸ್‌ಫೀಲ್ಡಿನವರೇ ಯಾರೋ ದಿನಾ ಸೈಟಿಗೆ ಬಂದು ಬುಟ್ಟಿ ತುಂಬ ಫಿಲ್ಟರ್ ಹಾಕ್ಕೊಂಡು, ದುಡ್ಡು ಕಟ್ಟದೆ ಹಾಗೇ ಬಿಟ್ಟು ಹೋಗ್ತಿದಾರೆ."

ವಿನಾಯಕನ ಕಿವಿ ನೆಟ್ಟಗಾಯಿತು. ಕೊಳ್ಳದವರಿಗೆ ದಿನಾ ಅಲ್ಲೇನು ಕೆಲಸ? ತಾವೂ ಫಿಲ್ಟರ್ ಅಂಗಡಿ ಇಡುವ ಹುನ್ನಾರವೇ ಸರಿ! ಕನ್ನಡ ಸಂಘದ ವಾಟ್ಸಾಪ್ ಗುಂಪಿನ ಒಂದೊಂದು ಮುಖವೂ ಅವನಿಗೆ ಕಳ್ಳನದಾಗಿ ಕಂಡಿತು.

ಮಧ್ಯಾಹ್ನ ಎದುರುಮನೆಯ ಡಾಕ್ಟರ್ ಹೇಮಲತಾ ಕಾಫಿಗೆ ಕರೆದರು. ಮೇಜಿನ ಮೇಲಿದ್ದ ಅವರ ಟ್ಯಾಬಿನಲ್ಲಿ ಅವನದೇ ಫಿಲ್ಟರು ಹೊಳೆಯುತ್ತಿತ್ತು. ಸಿಕ್ಕಿಬಿದ್ದರಲ್ಲ!

"ವಿನಾಯಕ್, ನೀವು ಕಾಫಿ ಬಲ್ಲವರು. ಇದರ ಸ್ಟೀಲು ಹೇಗಿರುತ್ತೆ? ಎಲ್ಲಿಂದ ತರಿಸ್ತಾರೋ? ಹೋಲ್‌ಸೇಲಾಗಿ ತಗೊಂಡ್ರೆ ಕಮ್ಮಿ ಮಾಡ್ತಾರಾ?"

ಹೋಲ್‌ಸೇಲ್! ಇನ್ನೇನು ಸಾಕ್ಷಿ ಬೇಕು? ಆ ಆಸೆಯನ್ನು ಮೊಳಕೆಯಲ್ಲೇ ಚಿವುಟಬೇಕೆಂದು ಅವನು ಮುಖ ಸಿಂಡರಿಸಿದ.

"ಅಯ್ಯೋ, ಅದರ ಸಹವಾಸವೇ ಬೇಡ ಮೇಡಂ! ಡಿಕಾಕ್ಷನ್ ಇಳಿಯೋದೇ ಇಲ್ಲ. ತಿಂಗಳಲ್ಲಿ ತುಕ್ಕು. ಮಾರೋಕೆ ಹೋದವರು ಗ್ಯಾರೇಜ್ ತುಂಬಿಸ್ಕೊಂಡು ಕೂತಿದಾರೆ."

ಹೇಮಲತಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ಸದ್ಯ, ಉಳಿಸಿದ್ರಿ! ಮಗಳ ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಒಂದೊಂದು ಕೊಡೋಣ ಅಂತಿದ್ದೆ. ಗೊತ್ತಿಲ್ಲದ ಅಂಗಡಿ, ಹೇಗೋ ಏನೋ ಅಂತ ದಿನಾ ನೋಡಿ ನೋಡಿ ಬಿಡ್ತಿದ್ದೆ. ನಿಮ್ಮನ್ನ ಒಂದು ಮಾತು ಕೇಳಿ, ಈಗಲೇ ಆರ್ಡರ್ ಮಾಡೋಣ ಅಂತಲೇ ಕರೆದದ್ದು."

ವಿನಾಯಕ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಅಂಗಡಿ ನನ್ನದೇ ಎನ್ನುವ ಹಾಗಿರಲಿಲ್ಲ. ತುಕ್ಕು ಹಿಡಿಸಿದವನೂ ತಾನೇ.

ಅವನು ರಸ್ತೆ ದಾಟುವಷ್ಟರಲ್ಲಿ ಹೇಮಲತಾ ಸಂಘದ ಗುಂಪಿಗೆ ಅಂಗಡಿಯ ಲಿಂಕ್ ಸಮೇತ ಬರೆದಾಗಿತ್ತು: "ಯಾರೂ ಇದನ್ನು ಕೊಳ್ಳಬೇಡಿ. ನಮ್ಮ ವಿನಾಯಕ್ ಅವರೇ ಹೇಳಿದ್ದು."

ಮನೆಯ ಮುಂದೆ ಸಿಂಚನಾ ಆಗಲೇ ಪೆಟ್ಟಿಗೆಗಳನ್ನು ಹೊರಗಿಡುತ್ತಿದ್ದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಲೋ, ತಡ್ಕೋ ಅಂತ ನಾನು ಹೇಳಿರಲಿಲ್ವಾ?" ಪ್ರಶಾಂತ್ ಸಂಭ್ರಮದಿಂದ ಕೂಗಿದ. "ಜಾಹೀರಾತು ಕೊನೆಗೂ ಕೆಲಸ ಮಾಡ್ತಿದೆ ಕಣೋ! ಇಡೀ ಹಡರ್ಸ್‌ಫೀಲ್ಡೇ ನಿನ್ನ ಅಂಗಡಿ ನೋಡ್ತಿದೆ!"